ಮನೆ ನೋಡಲು ಬಂದಾಕೆ

ಮನೆ ನೋಡಲು ಬಂದಾಕೆಗೆ ನಾವು ನಮ್ಮ ಮನೆಯನ್ನೇ ಬೇರೆ ಯಾರದೋ ಮನೆಯ ಹಾಗೆ ಮಾಡಿ ತೋರಿಸಿದೆವು, ಸಿಕ್ಕಿಬಿದ್ದೆವು. ನಡೆದದ್ದು ಇಷ್ಟೇ. ನನ್ನ ಮಗ ಇದನ್ನು 'ಅವತ್ತು ಸ್ವಲ್ಪ ಗೊಂದಲ ಆಯಿತು' ಎಂದು ಹೇಳಿಕೊಂಡು ತಿರುಗುತ್ತಾನೆ. ಗೊಂದಲ ಗಿಂದಲ ಏನೂ ಆಗಲಿಲ್ಲ. ಸುಳ್ಳು ಹೇಳಿದೆವು, ಅದನ್ನೂ ನೆಟ್ಟಗೆ ಹೇಳಲಿಕ್ಕೆ ಬರಲಿಲ್ಲ.

ಪುಣೆಯ ಕಾತ್ರಜದಲ್ಲಿ ಎರಡನೇ ಮಹಡಿಯ ಮೇಲೆ ನಮ್ಮ ಮನೆ. ಇರುವವರು ಮೂವರು: ನಾನು, ಮಗ, ಸೊಸೆ. ಮಗನಿಗೆ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ. ಸೊಸೆ ಬ್ಯಾಂಕಿನಲ್ಲಿ ಇದ್ದಾಳೆ. ನನ್ನ ಗಂಡ ಶಿವಾಜಿನಗರದ ಕೋರ್ಟಿನಲ್ಲಿ ಕಾರಕೂನನಾಗಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದೂ ವಿಜಾಪುರದ ಕಡೆಯ ಹಳ್ಳಿಯಲ್ಲಿ. ಈಗ ಕಡಕ್ ರೊಟ್ಟಿ ಮಾಡಿ ಕೊಡುತ್ತೇನೆ. ಪುಣೆಯಲ್ಲಿ ನಮ್ಮ ಕಡೆಯ ಮಂದಿ ಬಹಳ ಇದ್ದಾರೆ, ಎಲ್ಲರಿಗೂ ಜೋಳದ ರೊಟ್ಟಿ ಬೇಕು, ಬಡಿಯಲಿಕ್ಕೆ ಯಾರಿಗೂ ಬರುವುದಿಲ್ಲ. ಮನೆಯಲ್ಲಿ ಮಲಗುವ ಕೋಣೆ ಒಂದು, ಸಣ್ಣ ಕೋಣೆ ಒಂದು. ಸಣ್ಣ ಕೋಣೆ ನನ್ನದು. ಜೋಳದ ಹಿಟ್ಟಿನ ಚೀಲ, ಹಂಚು, ಒಲೆ, ಬಟ್ಟೆಯಲ್ಲಿ ಕಟ್ಟಿಟ್ಟ ರೊಟ್ಟಿಯ ಗಂಟು, ಅದರ ನಡುವೆ ನನ್ನ ಹಾಸಿಗೆ.

ಮಕ್ಕಳಾಗಲಿಲ್ಲ ಎಂದು ಮಗ-ಸೊಸೆ ದತ್ತು ತೆಗೆದುಕೊಳ್ಳುವುದಕ್ಕೆ ಅರ್ಜಿ ಹಾಕಿದರು. ನಾನು ಬೇಡ ಅನ್ನಲಿಲ್ಲ. ಅವರ ಅವಸ್ಥೆ ನೋಡಿದ್ದೆ, ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಈಗಿನ ಕಾಲದಲ್ಲಿ ದತ್ತು ಎಂದರೆ ಮೊದಲಿನ ಹಾಗಲ್ಲ, ಮೈದುನನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಲ್ಕು ಮಂದಿಗೆ ಊಟ ಹಾಕಿದರೆ ಮುಗಿಯುವುದಿಲ್ಲ. ಸರ್ಕಾರದ ಸರತಿ ಇದೆ. ಅದಕ್ಕೂ ಮೊದಲು ದತ್ತು ಕೊಡುವ ಸಂಸ್ಥೆಯಿಂದ ಒಬ್ಬ ಹೆಣ್ಣುಮಗಳು, ಪುಣೆಯವರ ಮಾತಿನಲ್ಲಿ ಒಬ್ಬ 'ಬಾಯಿ', ಮನೆಗೆ ಬಂದು, ಮನೆ ನೋಡಿ, ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿ, ಈ ಮನೆಗೆ ಮಗು ಕೊಡಬಹುದೋ ಇಲ್ಲವೋ ಎಂದು ವರದಿ ಬರೆಯುತ್ತಾಳೆ. ಹೋಮ್ ಸ್ಟಡಿ ಅನ್ನುತ್ತಾರೆ. ಅವಳು ಹೌದು ಎಂದು ಬರೆಯದಿದ್ದರೆ ಮುಂದೆ ಏನೂ ಇಲ್ಲ.

ನನ್ನದು ಒಂದೇ ಮಾತಿತ್ತು, ಮಂದಿಗೆ ಗೊತ್ತಾಗಬಾರದು. ಅದಕ್ಕೆ ದಾರಿಯನ್ನೂ ನಾನೇ ಹುಡುಕಿದ್ದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ಮಗು ಸಿಗುವ ಸುದ್ದಿ ಬಂದ ಕೂಡಲೇ ಸೊಸೆ ಹುಬ್ಬಳ್ಳಿಗೆ ತನ್ನ ತಾಯಿಯ ಮನೆಗೆ ಹೋಗಬೇಕು, ಅಲ್ಲಿ ಕೆಲವು ತಿಂಗಳು ಇರಬೇಕು, ಮಗುವನ್ನು ಎತ್ತಿಕೊಂಡು ಇಲ್ಲಿ ಬಂದು ಇಳಿಯಬೇಕು. ಹೆರಿಗೆಗೆ ಹೋಗಿದ್ದಳು, ಹೆತ್ತು ಬಂದಳು. ಯಾರು ಬಸುರು ಅಳೆದು ನೋಡುತ್ತಾರೆ? ಮಗ ಹೂಂ ಅಂದ. ಸೊಸೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅವಳು ಸುಮ್ಮನಿದ್ದರೆ ಒಪ್ಪಿದಳು ಅಂತ ನಾವು ಮೊದಲಿಂದ ಹಿಡಿದುಕೊಂಡು ಬಂದಿದ್ದೇವೆ.

ಬಾಯಿ ಬರುವ ಹಿಂದಿನ ದಿನ ಮಗ ರಜೆ ಹಾಕಿ ಸಣ್ಣ ಕೋಣೆ ಖಾಲಿ ಮಾಡಲು ನಿಂತ. ಅದು ಮಗುವಿನ ಕೋಣೆ ಅಂತ ತೋರಿಸಬೇಕಂತೆ.

"ಹಂಗಾರ ನಾ ಎಲ್ಲಿ ಮಕ್ಕೊಳ್ಳಾಕಿ?" ಅಂದೆ.

"ತೋರಸೂದಕ್ಕಷ್ಟ ಅವ್ವಾ. ನಾಡದ ಮತ್ತ ನಿನ್ನ ಸಾಮ್ರಾಜ್ಯ ನಿನಗ."

ಹಿಟ್ಟಿನ ಚೀಲ, ರೊಟ್ಟಿಯ ಗಂಟು, ಹಂಚು, ಒಲೆ, ನನ್ನ ಹಾಸಿಗೆ ಎಲ್ಲವನ್ನೂ ಕೆಳಗಿನ ಮನೆಯ ಮರಾಠಿ ಕಾಕುವಿನ ಮನೆಗೆ ಸಾಗಿಸಿದೆವು. ಯಾಕೆ ಅಂತ ಆಕೆ ಕೇಳಿದಳು. ಕೇಳದೆ ಇರುತ್ತಾಳೆಯೇ? 'ಪೆಸ್ಟ್ ಕಂಟ್ರೋಲ್ ಮಾಡಸ್ತೇವಿ, ಔಷಧ ಹೊಡೀತಾರ, ಹಿಟ್ಟಿಗೆ ತಾಗಬಾರದು' ಎಂದು ನಾನೇ ಮರಾಠಿಯಲ್ಲಿ ಹೇಳಿದೆ. ಖಾಲಿಯಾದ ಕೋಣೆಯ ಗೋಡೆಗೆ ಮಗ ಆನೆ, ಮೋಡದ ಚಿತ್ರ ಅಂಟಿಸಿದ. ನೋಡಲಿಕ್ಕೆ ಯಾರೂ ಇನ್ನೂ ವಾಸಕ್ಕೆ ಬಾರದ ಮನೆಯ ಹಾಗೆ ಇತ್ತು.

ಮರುದಿನ ನಾನು ಶಿರಾ ಮಾಡಿದೆ, ಚುರುಮುರಿಯ ಸುಸಲಾ ಮಾಡಿದೆ. ಸೊಸೆಗೆ ಇಳಕಲ್ ಸೀರೆ ಉಡಿಸಿದೆ. ಕನ್ಯಾ ನೋಡಲಿಕ್ಕೆ ಬರುವವರಿಗೆ ಮಾಡುವ ಹಾಗೆಯೇ ಎಲ್ಲ. ನಮಗೆ ಮನೆ ತೋರಿಸುವುದು ಎಂದರೆ ಗೊತ್ತಿದ್ದದ್ದು ಅದೊಂದೇ ರೀತಿ.

"ಅವ್ವಾ, ಕೇಳಿದ್ದಕ್ಕಷ್ಟ ಉತ್ತರಾ ಕೊಡು. ಹೆಚ್ಚಿಗಿ ಮಾತಾಡಬ್ಯಾಡ," ಅಂದ ಮಗ.

"ನಾ ಯಾವಾಗ ಹೆಚ್ಚಿಗಿ ಮಾತಾಡೀನೋ?"

ಮಗ ಸೊಸೆಯ ಮುಖ ನೋಡಿದ. ಸೊಸೆ ಗೋಡೆಯ ಮೇಲಿನ ಆನೆ ನೋಡಿದಳು.

ಬಾಯಿ ಬಂದಳು. ವಯಸ್ಸು ಮೂವತ್ತರ ಆಚೀಚೆ. ಹೆಗಲಿಗೆ ಚೀಲ, ಕಾಲಿಗೆ ಸಾದಾ ಚಪ್ಪಲಿ. ಮರಾಠಿಯಲ್ಲಿ ಮಾತಾಡಿದಳು, ನಾವೂ ಮರಾಠಿಯಲ್ಲೇ ಉತ್ತರ ಕೊಟ್ಟೆವು. ಪುಣೆಯ ಕನ್ನಡದವರಿಗೆ ಒಂದು ಚಟ ಇದೆ. ಹೊರಗಿನವರ ಮುಂದೆ ಗುಟ್ಟಿನ ಮಾತನ್ನು ಕನ್ನಡದಲ್ಲಿ ಗಟ್ಟಿಯಾಗಿ ಆಡುತ್ತೇವೆ. ಭಾಜಿಯವನ ಎದುರಿಗೇ ನಿಂತು 'ಬದನೀಕಾಯಿ ಹುಳಕ ಅದಾವ, ಮುಂದ ನಡಿ' ಅನ್ನುತ್ತೇವೆ. ಐವತ್ತು ವರ್ಷದ ರೂಢಿ ಅದು. ಹಾಗಾಗಿ ಬಾಯಿಯ ಮುಂದೆ ಕೂತುಕೊಂಡೇ ನಾನು ಸೊಸೆಗೆ ಅಂದೆ, "ಭಾಳ ಸಣ್ಣಾಕಿ ಅದಾಳ. ಇಕಿಗೇನ ತಿಳೀತದ? ಇನ್ನಷ್ಟ ಶಿರಾ ಹಾಕು. ಬಾಯಿ ತುಂಬಿದ್ರ ಪ್ರಶ್ನಿ ಕಡಿಮಿ ಆಗ್ತಾವ."

ಬಾಯಿ ತಟ್ಟೆ ಮುಂದೆ ಮಾಡಿದಳು, ಸೊಸೆ ಶಿರಾ ಹಾಕಿದಳು.

ಮೊದಲು ಮಗನನ್ನು ಕೇಳಿದಳು, ಆಮೇಲೆ ಸೊಸೆಯನ್ನು. ನಾನು ಅಡುಗೆಮನೆಯಲ್ಲಿದ್ದೆ, ಪೂರ್ತಿ ಕೇಳಿಸಲಿಲ್ಲ. ನನ್ನ ಸರದಿ ಬಂದಾಗ ನಾನು ಎಲ್ಲಿ ಮಲಗುತ್ತೇನೆ ಎಂದು ಕೇಳಿದಳು. ನಾನು ಪಡಸಾಲೆ ತೋರಿಸಿದೆ. ದಿನಾ ಏನು ಮಾಡುತ್ತೀರಿ ಅಂದಳು. ದೇವರ ಪೂಜೆ ಅಂದೆ. ಮಗ ಕಲಿಸಿಕೊಟ್ಟ ಉತ್ತರ ಅದು. ನಾನು ದೇವರಿಗೆ ದೀಪ ಹಚ್ಚಿ ಕೈಮುಗಿಯುವುದು ಹಾಲು ಕಾಯುವಷ್ಟು ಹೊತ್ತು, ಉಳಿದದ್ದೆಲ್ಲ ರೊಟ್ಟಿ. ಆಕೆ ನನ್ನ ಕೈ ನೋಡಿದಳು. ರೊಟ್ಟಿ ಬಡಿಯುವವರ ಅಂಗೈ ಬೇರೆಯೇ ಇರುತ್ತದೆ. ಏನೋ ಬರೆದುಕೊಂಡಳು.

ಆಗ ಯಾರೋ ಬಾಗಿಲು ಬಡಿದರು. ಮಗ ತೆಗೆದರೆ ಕೆಳಗಿನ ಕಾಕು, ಕಂಕುಳಲ್ಲಿ ನನ್ನ ರೊಟ್ಟಿಯ ಗಂಟು, ಹಿಂದೆ ಅವಳ ಗಂಡನ ತಲೆಯ ಮೇಲೆ ನನ್ನ ಹಾಸಿಗೆ.

"ಆಜೀ, ಝಾಲಂ ಕಾ ಪೆಸ್ಟ್ ಕಂಟ್ರೋಲ್?"

ಔಷಧ ಹೊಡೆದು ಮುಗಿಯಿತೇ ಅಂತ ಕೇಳಿ ಉತ್ತರಕ್ಕೂ ಕಾಯದೆ ಒಳಗೆ ಬಂದಳು. ಸಾತಾರದಿಂದ ಅವಳ ಅಕ್ಕ ದಿಢೀರ್ ಎಂದು ಬರುತ್ತಿದ್ದಾಳಂತೆ, ಮನೆಯಲ್ಲಿ ಕಾಲಿಡಲು ಜಾಗ ಇಲ್ಲವಂತೆ. ನೇರ ಸಣ್ಣ ಕೋಣೆಗೆ ಹೋಗಿ ಗಂಟು ಇಟ್ಟಳು. ಗೋಡೆಯ ಆನೆ ನೋಡಿದಳು. ಮೂಗು ಏರಿಸಿ, ಔಷಧದ ವಾಸನೆಯೇ ಇಲ್ಲವಲ್ಲ, ನಿಮಗೆ ಮೋಸ ಮಾಡಿದ್ದಾರೆ ಅಂದಳು. ಆಮೇಲೆ ಪಡಸಾಲೆಯಲ್ಲಿ ಕೂತ ಬಾಯಿಯನ್ನು ನೋಡಿ, ಇವರು ಯಾರು ಅಂತ ಕೇಳಿದಳು.

ಮಗ ಬಾಗಿಲು ಹಿಡಿದುಕೊಂಡು ನಿಂತೇ ಇದ್ದ. ನಾನೇ ಕನ್ನಡದಲ್ಲಿ ಅಂದೆ, "ನಿಂತೀಯಲ್ಲೋ ಕಂಬದಂಗ? ಇನ್ಶುರನ್ಸ್‌ದಾಕಿ ಅಂತ ಹೇಳಿ ಕಾಕೂನ್ನ ಸಾಗಹಾಕು."

ಅವನು ಮರಾಠಿಯಲ್ಲಿ ಹಾಗೆಯೇ ಹೇಳಿದ. ಕಾಕು, ನಮಗೂ ಒಂದು ಪಾಲಿಸಿ ಬೇಕಿತ್ತು, ಹೋಗುವಾಗ ನಮ್ಮ ಮನೆಗೂ ಬನ್ನಿ ಎಂದು ಬಾಯಿಗೆ ಹೇಳಿ, ಹಿಟ್ಟಿನ ಚೀಲ ತರಲು ಗಂಡನನ್ನು ಮುಂದೆ ಹಾಕಿಕೊಂಡು ಇಳಿದಳು.

ಬಾಗಿಲು ಹಾಕಿದ ಮೇಲೆ ಬಾಯಿ ತಟ್ಟೆ ಕೆಳಗಿಟ್ಟಳು.

"ನಾ ಇನ್ಶುರನ್ಸ್‌ದಾಕಿ ಅಲ್ರೀ ಅಜ್ಜಿ," ಅಂದಳು. ಅಚ್ಚ ಕನ್ನಡ, ನಮ್ಮದೇ ಕಡೆಯ ಕನ್ನಡ. "ನಮ್ಮೂರು ಸೋಲಾಪುರದ ಕಡೇಕ. ಮನ್ಯಾಗ ಕನ್ನಡಾನ ಮಾತಾಡ್ತೀವಿ. ಶಿರಾ ಭಾಳ ಛಲೋ ಆಗೇದ. ಪ್ರಶ್ನಿ ಮಾತ್ರ ಇನ್ನೂ ಅದಾವ."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ.

"ಪೆಸ್ಟ್ ಕಂಟ್ರೋಲ್ ಅಂತ ಯಾಕ ಹೇಳಿದ್ರಿ?" ಬಾಯಿ ಕೇಳಿದಳು. "ಕೆಳಗಿನವರಿಗೆ ಗೊತ್ತಿಲ್ಲೇನ್ರಿ, ನೀವು ಮಗು ತಗೋಳಾವ್ರು ಅಂತ?"

"ಇಲ್ಲ."

"ಬಂಧುಗಳಿಗೆ?"

"ಇಲ್ಲ."

"ಮಗು ಬಂದಮ್ಯಾಲ ಏನ್ ಹೇಳಾವ್ರು?"

ಇನ್ನು ಮುಚ್ಚಿಡಲು ಏನು ಉಳಿದಿತ್ತು? ಹುಬ್ಬಳ್ಳಿಯ ಬಾಣಂತನದ ಲೆಕ್ಕಾಚಾರವನ್ನೆಲ್ಲ ಹೇಳಿದೆ. ಆಕೆ ಪೂರಾ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ.

"ನಿಮಗ ಸಿಗೂ ಕೂಸು ಒಂದೂವರಿ ವರ್ಷದ್ದಿರಬಹುದು. ಹಲ್ಲ ಬಂದಿರತಾವ, ಓಡ್ಯಾಡತಿರತದ. ನಡಕೋತ ಬರೂ ಕೂಸಿಗೆ ಏನ ಬಾಣಂತನಾ ಮಾಡ್ತೀರಿ ಅಜ್ಜಿ?"

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಬಟ್ಟೆಯಲ್ಲಿ ಸುತ್ತಿದ ಕೂಸು.

"ಇನ್ನೊಂದು," ಅಂದಳು. "ಕೂಸಿಗೂ ಹೇಳಬೇಕಾಗ್ತದ. ಸಣ್ಣದಿದ್ದಾಗಿಂದ, ಕತಿ ಹೇಳಿದಂಗ ಹೇಳಬೇಕು. ಮಂದಿಯಿಂದ ತಿಳಕೊಂಡ್ರ ಅದು ನಿಮ್ಮನ್ನ ಎಂದೂ ನಂಬೂದಿಲ್ಲ."

"ಕೂಸಿಗೆ ಯಾಕ ಹೇಳಬೇಕು? ನಾವು ಚಂದಾಗಿ ನೋಡಿಕೊಂಡ್ರ ಸಾಲದೇನು?"

"ಚಂದಾಗಿ ನೋಡಿಕೊಳ್ಳಾವ್ರು ಯಾಕ ಮುಚ್ಚಿಡಬೇಕ್ರಿ?"

ನನಗೆ ಸಿಟ್ಟು ಬಂತು. ಮಗಳ ವಯಸ್ಸಿನವಳು ನನ್ನ ಮನೆಯಲ್ಲಿ ಕೂತು, ನನ್ನ ಶಿರಾ ತಿಂದು, ನನಗೇ ಪ್ರಶ್ನೆ ಹಾಕುತ್ತಾಳೆ. ಉತ್ತರ ಇಲ್ಲದಾಗಲೇ ಅಲ್ಲವೇ ಸಿಟ್ಟು ಬರುವುದು.

ಆಕೆ ಚೀಲ ಹೆಗಲಿಗೆ ಹಾಕಿಕೊಂಡಳು. "ಇವತ್ತ ನಾ ವರದಿ ಬರೆಯೂದಿಲ್ಲ. ಮುಂದಿನ ವಾರ ಮತ್ತ ಬರತೀನಿ. ಶಿರಾ ಬ್ಯಾಡ, ಸೀರಿ ಬ್ಯಾಡ, ನಿಮ್ಮ ಮನಿ ಹೆಂಗ ಅದ ಹಂಗ ತೋರಸ್ರಿ. ಮನಿ ಸಣ್ಣದು ಅಂತ ಯಾರೂ ಕೂಸು ಕೊಡದಂಗ ಇರೂದಿಲ್ಲ. ಆದ್ರ ಮುಚ್ಚಿಡೂ ಮನಿಗೆ ಕೂಸನ್ನ ಕಳಸ್ರಿ ಅಂತ ನನಗ ಬರೆಯಾಕ ಆಗೂದಿಲ್ಲ. ನೀವು ಮೂವರೂ ಕೂತು ಮಾತಾಡ್ರಿ." ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು. "ನೀವೂ ಮಾತಾಡ್ರಿ ಅಜ್ಜಿ. ನಿಮ್ಮ ಮಾತು ಈ ಮನ್ಯಾಗ ನಡೀತದ ಅಂತ ನನಗ ಗೊತ್ತಾತು."

ಅದು ಹೊಗಳಿಕೆ ಆಗಿರಲಿಲ್ಲ.

ಸಂಜೆ ಮೂವರೂ ಸಣ್ಣ ಕೋಣೆಯಲ್ಲಿ ಕೂತೆವು. ಸಾಮಾನು ಮತ್ತೆ ತುಂಬಿಕೊಂಡಿತ್ತು. ಮಗ ಹಿಟ್ಟಿನ ಚೀಲದ ಮೇಲೆ, ನಾನು ಹಾಸಿಗೆಯ ಮೇಲೆ, ಸೊಸೆ ಬಾಗಿಲ ಹೊಸ್ತಿಲ ಹತ್ತಿರ. ಇಳಕಲ್ ಸೀರೆ ಬಿಚ್ಚಿ ಮನೆಯ ಬಟ್ಟೆ ಹಾಕಿಕೊಂಡಿದ್ದಳು.

"ಹೋತು. ಇನ್ನ ಮುಗೀತು," ಅಂದ ಮಗ.

"ಏನ ಮುಗೀತು? ಮುಂದಿನ ವಾರ ಬರತೀನಿ ಅಂದಾಳಲ್ಲ. ಹೂಂ ಹೂಂ ಅಂದು ಕಳಿಸಿದ್ರ ಆತು. ಮಂದಿಗೆ ಹೇಳೇವಿ ಅನ್ನೂದು. ಆಕಿ ಮನಿಮನಿ ತಿರುಗಿ ಕೇಳ್ತಾಳೇನು?"

"ಅವ್ವಾ, ಮತ್ತ ಸುಳ್ಳ?"

ನಾನು ನನ್ನ ಮಾತು ಹೇಳಿದೆ. ಮಂದಿ ಎಂದರೆ ಎಂಥವರು ಎಂದು ಇವರಿಗೆ ಗೊತ್ತಿಲ್ಲ. ವಿಜಾಪುರದಲ್ಲಿ ನನ್ನ ಗಂಡನ ಅಕ್ಕ ಇದ್ದಾರೆ, ನಮ್ಮ ಮನೆತನದಲ್ಲಿ ಈಗ ಉಳಿದಿರುವ ಹಿರಿಯರು. ಯಾರ ಮದುವೆಗೆ ಯಾರು ಬರಲಿಲ್ಲ, ಯಾರ ಸೊಸೆ ಯಾರಿಗೆ ಎದುರು ಮಾತಾಡಿದಳು, ಎಲ್ಲವೂ ಅವರ ಬಾಯಲ್ಲಿ. ಕುಲ ಯಾವುದು, ಹೆತ್ತವರು ಯಾರು ಎಂದು ಮೊದಲು ಕೇಳುವವರು ಅವರೇ. ನಾಳೆ ಯಾವುದೋ ಮದುವೆಯ ಪಂಕ್ತಿಯಲ್ಲಿ ಕೂಸು ಊಟಕ್ಕೆ ಕೂತಾಗ ಯಾರಾದರೂ ಹಿಂದೆ ನಿಂತು 'ಇದ ಏನ ಆ ತಂದ ಕೂಸು?' ಅಂದರೆ? ಕೂಸಿನ ಕಿವಿಗೆ ಅದು ಬಿದ್ದರೆ? ನಾನು ಹೇಳಿದ್ದು ಕೂಸಿಗಾಗಿಯೇ.

ಸೊಸೆ ಬಾಯಿ ಬಿಟ್ಟಳು. ಹತ್ತು ವರ್ಷದಲ್ಲಿ ನನ್ನೆದುರು ಅಷ್ಟು ಮಾತಾಡಿದ್ದು ಅದೇ ಮೊದಲು.

"ಅತ್ತೀ, ಶಿವಾಜಿನಗರದ ದವಾಖಾನಿಗೆ ಎಷ್ಟ ವರ್ಷ ತಿರುಗಿದೆ ನಾನು? ಪ್ರತಿ ಸಲ ಎಲ್ಲಿಗೆ ಹೊಂಟಿ ಅಂತ ಮಂದಿ ಕೇಳಿದ್ರ ಏನ್ ಹೇಳು ಅಂದ್ರಿ?"

"ಹಲ್ಲಿನ ಡಾಕ್ಟರ್ ಅಂತ."

"ಹಲ್ಲಿನ ಡಾಕ್ಟರ್. ಕೆಳಗಿನ ಕಾಕು ನಂಬಿಬಿಟ್ರು. ಪಾಪ ಇಕಿ ಹಲ್ಲಾಗ ಏನೋ ದೊಡ್ಡದಾಗೇದ ಅಂತ ಲವಂಗದ ಎಣ್ಣಿ ತಂದು ಕೊಟ್ರು. ಅವರೆದುರಿಗೇ ಹಚ್ಚಿಕೊಂಡೆ. ಸೂಜಿ ಚುಚ್ಚಿದ್ದು ಹೊಟ್ಟಿಗೆ, ಎಣ್ಣಿ ಹಚ್ಚಿದ್ದು ಹಲ್ಲಿಗೆ. ಒಮ್ಮೆ ನಿಂತಿತ್ತು, ಎರಡು ತಿಂಗಳಿಗೆ ಹೋತು. ಅವತ್ತೂ ಕಾಕು ಬಂದು ಹಲ್ಲ ಕಿತ್ತಿದ್ರೇನು, ಮೆತ್ತಗ ಗಂಜಿ ಕುಡಿ ಅಂದ್ರು. ನನಗ ಅಳಾಕೂ ಬರಲಿಲ್ಲ, ಹಲ್ಲಿಗೆ ಯಾರ ಅಷ್ಟ ಅಳತಾರ?"

ಮಗ ತಲೆ ಕೆಳಗೆ ಹಾಕಿದ.

"ಹುಬ್ಬಳ್ಳಿಗೆ ಹೋಗಿ ಕೂತು ಬರೂದು ನನ್ನ ಕೈಲೆ ಆಗೂದಿಲ್ಲ. ಬಾಣಂತಿ ವೇಷಾ ಹಾಕೂದಿಲ್ಲ. ಕೂಸು ಬರದಿದ್ರ ಬರದಿರಲಿ. ಸುಳ್ಳು ಹೇಳಿ ತಂದ್ರ ಅದು ದೊಡ್ಡದಾಗೂತನಾ ನಾ ದಿನಾ ಸುಳ್ಳು ಹೇಳಬೇಕು. ನನಗ ಸಾಕಾಗೇದ ಅತ್ತೀ."

ನಾನು ಅವಳನ್ನು ಅಪ್ಪಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅದು ರೂಢಿ ಇಲ್ಲ. ಕಣ್ಣೀರೂ ಹಾಕಲಿಲ್ಲ. ಎರಡು ತಿಂಗಳಿಗೆ ಹೋದದ್ದು ನನಗೆ ಗೊತ್ತಿತ್ತು, ಗಂಜಿಯ ಮಾತು ಗೊತ್ತಿರಲಿಲ್ಲ. ಇಷ್ಟು ವರ್ಷ ಮಂದಿಯ ಬಾಯಿಗೆ ಅಂಜಿ ನಾನು ಬಾಗಿಲು ಹಾಕಿದ್ದೆ, ಬಾಗಿಲ ಒಳಗೆ ಸಿಕ್ಕಿಬಿದ್ದವಳು ಇವಳು. ಅದು ಅವತ್ತು ತಿಳಿಯಿತು.

"ಅನ್ನಕ್ಕ ಇಡು," ಅಂದೆ. "ಹಸಿವಿ ಆಗೇದ."

ಊಟ ಮಾಡುವಾಗ ಮಗ ಒಂದು ಪ್ರಶ್ನೆ ಕೇಳಿದ, "ಏನ್ ಮಾಡೂದು ಅವ್ವಾ?" ನಾನು ಸಾರು ಬಡಿಸಿಕೊಂಡೆ. ಬಾಯಲ್ಲಿ ಆಡಿದರೆ ಅದೂ ಬರೀ ಮಾತಾಗುತ್ತಿತ್ತು.

ಬಾಯಿ ಹೇಳಿದಂತೆ ಮುಂದಿನ ವಾರ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ, ಏಳಲಿಲ್ಲ. ಆಕೆ ಹಿಟ್ಟಿನ ಕೋಣೆಯಲ್ಲೇ ಕೂತು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಹಂಚಿನ ಹತ್ತಿರ ಮಗು ಬರದ ಹಾಗೆ ಒಲೆ ಮೇಲೆ ಏರಿಸಬೇಕು ಅಂದಳು, ಮಗ ಏರಿಸಿದ. ಕೆಳಗಿನ ಕಾಕುವನ್ನೂ ಮಾತಾಡಿಸಿದಳು. ಕಾಕು ಪಾಲಿಸಿಯ ಆಸೆ ಬಿಟ್ಟು ನಮ್ಮ ಬಗ್ಗೆ ಒಳ್ಳೆಯ ಮಾತೇ ಹೇಳಿದಳಂತೆ. ವರದಿ ಹೋಯಿತು, ಒಪ್ಪಿಗೆ ಬಂತು, ಈಗ ಸರತಿಯಲ್ಲಿದ್ದೇವೆ. ಸರತಿ ಉದ್ದ ಇದೆ ಅನ್ನುತ್ತಾರೆ. ಇರಲಿ, ನಾನು ಗಟ್ಟಿ ಇದ್ದೇನೆ. ಇದೆಲ್ಲ ಆಮೇಲಿನದು. ಬಾಯಿ ಮೊದಲ ಸಲ ಬಂದು ಹೋದ ಮರುದಿನ ಬೆಳಿಗ್ಗೆ ಏನಾಗಬೇಕೋ ಅದು ಆಗಿರದಿದ್ದರೆ ಯಾವುದೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಮಗ ಕೆಲಸಕ್ಕೆ ಹೋದ. ಸೊಸೆ ಬ್ಯಾಂಕಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು. ಕೆಳಗೆ ಹೋಗಿ ಕಾಕುವಿಗೆ ಹೇಳೋಣವೇ ಅಂದುಕೊಂಡೆ. ಅದು ಸಲೀಸು. ಕಾಕು ಒಳ್ಳೆಯವಳು, ಕೈ ಹಿಡಿದು ನಾಲ್ಕು ಹನಿ ಕಣ್ಣೀರು ಹಾಕುತ್ತಾಳೆ, ಮುಗಿಯಿತು. ನಾನು ಅಂಜಿದ್ದು ಯಾರಿಗೆ? ಅವರಿಗೇ ಮೊದಲು ಹೇಳಬೇಕು ಅನಿಸಿತು. ಸೊಸೆಯ ಕೈಗೆ ನನ್ನ ಫೋನ್ ಕೊಟ್ಟು, ವಿಜಾಪುರದ ಅಕ್ಕನಿಗೆ ಹಚ್ಚು ಅಂದೆ. ಅವಳು ನನ್ನ ಮುಖ ನೋಡಿದಳು, ಹಚ್ಚಿದಳು, ಸ್ಪೀಕರ್ ಹಾಕಿದಳು. ಅರ್ಧ ಹೆಣೆದ ಜಡೆ ಹಿಡಿದುಕೊಂಡು ಅಲ್ಲೇ ನಿಂತಳು.

"ಯಾರು ತೀರಿಕೊಂಡ್ರು?" ಅಂದರು ಅಕ್ಕ. ಬೆಳಿಗ್ಗೆ ಫೋನ್ ಬಂದರೆ ಅವರ ಮೊದಲ ಮಾತು ಅದೇ.

"ಯಾರೂ ತೀರಿಕೊಂಡಿಲ್ರೀ ಅಕ್ಕಾರ. ನಮ್ಮ ಮನಿಗೆ ಕೂಸು ಬರೂದದ."

"ಅಯ್ಯ ನಮ್ಮವ್ವಾ! ಎಷ್ಟ ತಿಂಗಳು?"

"ತಿಂಗಳ ಇಲ್ಲ ಏನಿಲ್ಲ. ದತ್ತಕ ತಗೋತೀವಿ. ಸಂಸ್ಥಾದಿಂದ."

ಆ ಕಡೆ ಕಾಗೆ ಕೂಗುವುದು, ನಳದ ನೀರು ಕೊಡದಲ್ಲಿ ಬೀಳುವುದು ಕೇಳಿಸಿತು.

"ಯಾರದು? ಯಾವ ಕುಲದ್ದು?"

"ಗೊತ್ತಿಲ್ಲ. ನಾವು ಕೇಳೂದಿಲ್ಲ. ನೀವೂ ಕೇಳಬ್ಯಾಡ್ರಿ."

"ಹೆಣ್ಣೋ ಗಂಡೋ?"

"ಅದೂ ಗೊತ್ತಿಲ್ಲ. ಬಂದಾಗ ನೋಡೂದು. ತೊಟ್ಟಿಲದಾಗ ಹಾಕೂ ಕೂಸಿದ್ರ ಹಾಕಾಕ ನೀವ ಬರಬೇಕು. ಓಡ್ಯಾಡೂ ಕೂಸಿದ್ರ ಹಿಡಿಯಾಕ ಬರ್ರಿ."

ಅಕ್ಕ ಉಸಿರು ಬಿಟ್ಟರು. ಬೈಯುತ್ತಾರೆ ಅಂತ ನಾನು ಗಟ್ಟಿಯಾಗಿ ಕೂತೆ. "ನನ್ನ ಮೊಣಕಾಲಿಗೆ ಓಡೂ ಕೂಸು ಹಿಡಿಯಾಕ ಆಗ್ತದೇನ," ಅಂದರು. ಆಮೇಲೆ ದನಿ ಇಳಿಸಿದರು. "ಹೋಗ್ಲಿ ಬಿಡು. ನಾ ಯಾರ ಮುಂದೂ ಹೇಳೂದಿಲ್ಲ."

"ಹೇಳ್ರಿ ಅಕ್ಕಾರ," ಅಂದೆ. "ಅದಕ್ಕ ನಿಮಗ ಫೋನ್ ಹಚ್ಚೀನಿ."